ಕುಂಕುಮ ಹಚ್ಚಿದ ಫ್ಯಾನು

ಕಂಪ್ಯೂಟರನ್ನು ಚಪ್ಪಲಿ ಬಿಟ್ಟು ನೋಡಬೇಕಾಗಿದ್ದ ಕಾಲ ಅದು. ಮೊಬೈಲು ಹಿಡಿದುಕೊಂಡೇ ಬಚ್ಚಲಿಗೆ ಹೋಗುವ ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹೊಸನಗರ ಸೀಮೆಯ ನಮ್ಮೂರ ಹೈಸ್ಕೂಲಿಗೆ ಯಾವುದೋ ಸರ್ಕಾರಿ ಯೋಜನೆಯಲ್ಲಿ ಒಂದು ಕಂಪ್ಯೂಟರ್ ಬಂತು. ಅದನ್ನು ಜೀಪಿನಿಂದ ಇಳಿಸುವಾಗ ಹೆಡ್ ಮೇಷ್ಟ್ರು ಆರತಿ ಎತ್ತಿಸಿದರು. ಆಮೇಲೆ ಭೂಪಟಗಳನ್ನು ಇಡುತ್ತಿದ್ದ ಕೋಣೆಗೆ ಅದನ್ನು ಸೇರಿಸಿ, ಪ್ಲಾಸ್ಟಿಕ್ ಹೊದೆಸಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಆಯುಧಪೂಜೆಯ ದಿನ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಪರದೆಗೆ ವಿಭೂತಿ ಪಟ್ಟೆ, ಕೀಬೋರ್ಡಿನ ಮೇಲೆ ದಾಸವಾಳ, ಮುಂದೆ ಒಡೆದ ಕಾಯಿ. ಪಕ್ಕದ ಪ್ರೈಮರಿ ಶಾಲೆಯ ಮಕ್ಕಳೂ ಸೇರಿ ನಾವೆಲ್ಲ ಸಾಲಾಗಿ ಹೋಗಿ ಕೈಮುಗಿದು, ಮಂಡಕ್ಕಿ ಪ್ರಸಾದ ತಗೊಂಡು ಬರುತ್ತಿದ್ದೆವು. ಕಂಪ್ಯೂಟರ್ ಅಂದರೆ ಇವತ್ತಿಗೂ ನನಗೆ ಕರ್ಪೂರದ ವಾಸನೆ ನೆನಪಾಗುತ್ತದೆ. ಹೀಗೆ ಎರಡು ಮಳೆಗಾಲ ಕಳೆದ ಮೇಲೆ ಒಬ್ಬ ಆಫೀಸರು ನೋಡಲು ಬಂದರು. ಸ್ವಿಚ್ ಹಾಕಿದರೆ ಅಕ್ಷರದ ಬದಲು ಹೊಗೆ ಬಂತು. ಮುಚ್ಚಳ ತೆಗೆದು ನೋಡಿದರೆ ಬೂಷ್ಟು, ತುಕ್ಕು, ಕುಂಕುಮದ ಕೆಸರು, ಮೂಲೆಯಲ್ಲಿ ಇಲಿ ಮರಿ ಹಾಕಿದ್ದ ಗೂಡು. ಮರುದಿನವೇ ಅದು ಮುರುಕಲು ಬೆಂಚುಗಳ ಜೊತೆ ಹಿಂದಿನ ಜಗುಲಿಗೆ ಬಿತ್ತು.

ನನ್ನಕ್ಕ ಗಿರಿಜೆ ಆಗ ಹತ್ತನೇ ಕ್ಲಾಸು, ನಾನು ಎಂಟು. ನಾನು ಕುಂಟೆಬಿಲ್ಲೆ ಆಡುವ ಹೊತ್ತಿನಲ್ಲಿ ಅಕ್ಕ ಮನೆಯ ಟಾರ್ಚನ್ನು ಬಿಚ್ಚುತ್ತಿದ್ದಳು, ಮತ್ತೆ ಸರಿಯಾಗಿ ಜೋಡಿಸುತ್ತಲೂ ಇದ್ದಳು. ನಮ್ಮ ಅಪ್ಪಯ್ಯ ನಗರ ಅನ್ನುವ ಊರಿಂದ ನಮ್ಮೂರ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ನಮ್ಮೂರಿನವರು ಹತ್ತರ ಮುಂದೆ ಸೈನ್ಸ್ ಓದಬೇಕೆಂದರೆ ಸಾಗರಕ್ಕೇ ಹೋಗಬೇಕಿತ್ತು. ಅಪ್ಪಯ್ಯ ದಿನಾ ಅಲ್ಲಿಗೇ ಹೋಗುತ್ತಿದ್ದರು. ಅವರ ಹಿಂದಿನ ಸೀಟಿನಲ್ಲಿ ಕೂತು ಹೋಗಿ, ಸಂಜೆ ಅದೇ ಸೀಟಿನಲ್ಲಿ ಕೂತು ಬರುತ್ತೇನೆ ಎನ್ನುವುದಷ್ಟೇ ಅಕ್ಕನ ಆಸೆ.

"ಹೆಣ್ಮಕ್ಕಳಿಗೆ ಸೈನ್ಸ್ ಎಂತಕ್ಕೆ?" ಅಂತ ಅಪ್ಪಯ್ಯ ಒಂದು ವರ್ಷ ತಳ್ಳಿದರು. ಅಕ್ಕ ಬಿಡಲಿಲ್ಲ. ಕೊನೆಗೆ ಒಂದು ಸಂಜೆ ಹಲಸಿನ ಹಪ್ಪಳ ಮುರಿಯುತ್ತ, "ಶಿವಮೊಗ್ಗದ ವಿಜ್ಞಾನ ಪ್ರದರ್ಶನದಲ್ಲಿ ಒಂದು ಪ್ರೈಜ್ ತಗೊಂಡು ಬಾ. ಕಳಿಸ್ತೀನಿ" ಅಂದರು. ಆಗದ ಕೆಲಸ ಅಂತಲೇ ಹೇಳಿರಬೇಕು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಮಗೆ ವಿಜ್ಞಾನ ಹೇಳುತ್ತಿದ್ದ ಟೀಚರು ಮೈಸೂರಲ್ಲಿ ಓದಿದವರು. ಅವರ ಕಾಲೇಜಿನಲ್ಲಿ ಮ್ಯಾಗ್ನೆಟಿಕ್ ಸ್ಟಿರರ್ ಅಂತ ಒಂದು ಯಂತ್ರವಿತ್ತಂತೆ. ಮೇಲೆ ಗಾಜಿನ ಪಾತ್ರೆ, ಅದರ ತಳದಲ್ಲಿ ಒಂದು ಪುಟ್ಟ ಕಡ್ಡಿ. ಪೆಟ್ಟಿಗೆಯೊಳಗೆ ಅಯಸ್ಕಾಂತ ತಿರುಗಿದರೆ ಪಾತ್ರೆಯೊಳಗಿನ ಕಡ್ಡಿಯೂ ಅದರ ಬೆನ್ನು ಹತ್ತಿ ತಿರುಗಿ ನೀರನ್ನು ಕಲಕುತ್ತದೆ. "ಯಾರೂ ಮುಟ್ಟೋದೇ ಬೇಡ, ನೀರು ತಾನಾಗಿ ಸುಳಿ ತಿರುಗುತ್ತೆ" ಅಂತ ಟೀಚರು ಕೈ ತಿರುಗಿಸಿ ತೋರಿಸಿದ್ದರು. ಅಕ್ಕನ ಕಣ್ಣು ಜಗುಲಿಯ ಮೇಲಿದ್ದ ಕಂಪ್ಯೂಟರಿನ ಮೇಲೆ ಬಿತ್ತು. ಟೀಚರು ಹೋಗಿ ಕೇಳಿದ್ದಕ್ಕೆ ಹೆಡ್ ಮೇಷ್ಟ್ರು, "ಹಾಳಾದ್ದು, ಏನು ಬೇಕೋ ಕಿತ್ಕೊಳ್ಳಿ" ಅಂದರು. ಆ ಮಾತನ್ನು ನಾನೂ ನನ್ನ ಕಿವಿಯಿಂದ ಕೇಳಿದ್ದೇನೆ.

ಕಂಪ್ಯೂಟರಿನ ಹಿಂಬದಿಯಲ್ಲಿ ಗಾಳಿಯಾಡಲು ಒಂದು ಪುಟ್ಟ ಫ್ಯಾನು ಇತ್ತು. ಎಲ್ಲ ಸತ್ತರೂ ಅದೊಂದು ಬದುಕಿತ್ತು. ಕುಯ್ ಕುಯ್ ಅನ್ನಲು ಇಟ್ಟಿದ್ದ ಅಂಗೈಯಗಲದ ಸ್ಪೀಕರಿನಲ್ಲಿ ಬಳೆಯಂಥ ಅಯಸ್ಕಾಂತ ಸಿಕ್ಕಿತು. ಅದನ್ನು ಹಾಗೇ ಫ್ಯಾನಿನ ನಡುಮಧ್ಯಕ್ಕೆ ಇಟ್ಟು ಕೈಯಿಂದ ತಿರುಗಿಸಿದರೆ ಮೇಲೆ ಹಿಡಿದ ಸೂಜಿ ಅಲ್ಲಾಡಲಿಲ್ಲ. ಅಕ್ಕ ಎರಡು ದಿನ ಅಯಸ್ಕಾಂತವನ್ನು ಮಗುಚಿ ಮಗುಚಿ ಸೂಜಿ ಹಿಡಿದು ನೋಡಿದಳು. ಆಮೇಲೆ ಅದನ್ನು ಒರಳುಕಲ್ಲಿನ ಮೇಲಿಟ್ಟು, ಬಟ್ಟೆ ಮುಚ್ಚಿ, ಒಂದೇಟು ಹಾಕಿದಳು. ಅದು ಎರಡು ಹೋಳಾಯಿತು.

"ಎಂತ ಮಾಡ್ದೆ ಮಾರಾಯ್ತಿ!" ಅಂತ ನಾನು ಕೂಗಿಕೊಂಡೆ.

"ಸುಮ್ನಿರೆ. ಇಡೀ ಬಳೆ ಮೇಲ್ಗಡೆ ಉತ್ತರ ಒಂದೇ ಇತ್ತು, ಅದಕ್ಕೇ ತಿರುಗ್ಲಿಲ್ಲ. ಒಂದು ಹೋಳು ಹಿಂಗೇ ಇರ್ಲಿ, ಇನ್ನೊಂದನ್ನ ಮಗುಚಿ ಹಾಕಣ. ಆಗ ಒಂದು ಕಡೆ ಉತ್ತರ, ಒಂದು ಕಡೆ ದಕ್ಷಿಣ ಆತಲ."

ಅಂಟಿಗೆ ಅಮ್ಮ ಹಲಸಿನ ಮೇಣ ಕಾಸಿ ಕೊಟ್ಟಳು. ಒಡೆದ ಪಾತ್ರೆಗೆ ಮೆತ್ತಲು ಅಂತ ಕೋಲಿಗೆ ಸುತ್ತಿಟ್ಟ ಮೇಣ ನಮ್ಮ ಕಡೆ ಎಲ್ಲರ ಅಡುಗೆಮನೆಯಲ್ಲೂ ಇರುತ್ತಿತ್ತು. ಬಿಸಿ ಮೇಣದ ಆ ಸಿಹಿಯಾದ, ಕಮಟು ವಾಸನೆ ವಾರವಿಡೀ ನಮ್ಮ ಬೆರಳಲ್ಲಿತ್ತು, ಊಟ ಮಾಡಿದರೆ ಅನ್ನಕ್ಕೂ ಅದೇ ವಾಸನೆ. ಪಾತ್ರೆಯ ಬದಲು ಫ್ಯಾನಿನ ಚೌಕಟ್ಟಿನ ಮೇಲೆ ಒಂದು ಗಾಜಿನ ಲೋಟ ಇಟ್ಟೆವು, ಅದರೊಳಗಿನ ಕಡ್ಡಿಯನ್ನು ನಾನು ಮಾಡಿದೆ. ಹೊಲಿಗೆ ಸೂಜಿಯ ತುಂಡುಗಳನ್ನು ಅಯಸ್ಕಾಂತಕ್ಕೆ ಉಜ್ಜಿ, ಖಾಲಿ ರೀಫಿಲ್ ತುಂಡಿನೊಳಗೆ ತುಂಬಿ, ಎರಡೂ ತುದಿಯನ್ನು ಮೊಂಬತ್ತಿಗೆ ಹಿಡಿದು ಕರಗಿಸಿ ಮುಚ್ಚಿದ್ದು. ಫ್ಯಾನಿಗೆ ಕರೆಂಟ್ ಕೊಡಲು ಅಪ್ಪಯ್ಯ ಬಸ್ಸಿನ ಹಳೇ ಬ್ಯಾಟರಿ ಹೊತ್ತು ತಂದರು. ಮೊದಲ ಸಲ ಫ್ಯಾನು ಎಷ್ಟು ಜೋರಾಗಿ ತಿರುಗಿತೆಂದರೆ, ಕಡ್ಡಿ ಅದರ ವೇಗಕ್ಕೆ ಸಿಗದೆ ಟಕಟಕ ಅಂತ ಗಾಜಿಗೆ ಬಡಿದು ಮೂಲೆ ಸೇರಿತು. ಅಪ್ಪಯ್ಯ ಮೀಸೆಯೊಳಗೇ ನಕ್ಕು, "ಪೂರ್ತಿ ಯಾಕೆ ಕೊಡ್ತೀಯೆ? ಬ್ಯಾಟರಿ ಮಧ್ಯದಿಂದ ವೈರು ತಗಿ. ಅರ್ಧ ಸಾಕು ಅದಕ್ಕೆ" ಅಂದರು.

ಅರ್ಧ ಸಾಕಾಯಿತು. ಫ್ಯಾನು ನಿಧಾನವಾಗಿ ಎದ್ದಿತು, ಕಡ್ಡಿ ಒಮ್ಮೆ ನಡುಗಿ ಅದರ ಜೊತೆ ಹೊರಟಿತು. ಅಕ್ಕ ಅಡಿಕೆಗೆ ಹೊಡೆಯುವ ಮೈಲುತುತ್ತದ ಒಂದು ಹರಳು ಹಾಕಿದಳು. ನೀಲಿ ಎಳೆ ಕೆಳಗಿನಿಂದ ಸುತ್ತಿ ಸುತ್ತಿ ಮೇಲೇರಿ, ನೋಡುತ್ತಿದ್ದ ಹಾಗೆ ಇಡೀ ಲೋಟ ನೀಲಿಯಾಯಿತು. ಅಮ್ಮ ಒಲೆ ಬಿಟ್ಟು ಬಂದು ನಿಂತಿದ್ದಳು. ಅಪ್ಪಯ್ಯ ಲೋಟದ ಸುತ್ತ, ಮೇಲೆ, ಕೆಳಗೆ ಕೈಯಾಡಿಸಿ ನೋಡಿದರು, ದಾರ ಗೀರ ಕಟ್ಟಿದ್ದಾಳೋ ಎಂಬಂತೆ. ಅಷ್ಟು ಖುಷಿಯಲ್ಲಿ ನಮ್ಮ ಮನೆಯವರೆಲ್ಲ ಮತ್ತೆ ಯಾವತ್ತಾದರೂ ಒಟ್ಟಿಗೆ ನಿಂತಿದ್ದೆವೋ, ನನಗೆ ನೆನಪಿಲ್ಲ.

ಪ್ರದರ್ಶನಕ್ಕೆ ಇನ್ನು ಸ್ವಲ್ಪ ದಿನವಿರುವಾಗ ಟೀಚರಿಗೆ ವರ್ಗವಾಯಿತು. ಹೋಗುವ ಮುಂಚೆ ಅಕ್ಕನ ತಲೆ ಸವರಿ, "ಹೆದರ್ಕೋಬೇಡ, ಎಲ್ಲರಿಗೂ ನೀನೇ ವಿವರಿಸು" ಅಂದರು. ಸ್ಟಿರರನ್ನು ಹೆಡ್ ಮೇಷ್ಟ್ರಿಗೆ ನಾವೇ ತೋರಿಸಿದೆವು. ಅವರು ಬೆರಗಾದರು. ಸುಳ್ಳಲ್ಲ, ಕಣ್ಣಲ್ಲಿ ನೀರೇ ಬಂತು. ಎಲ್ಲ ಕ್ಲಾಸಿನವರನ್ನೂ ಕರೆಸಿದರು, ಅಕ್ಕನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಆಮೇಲೆ ಜವಾನನಿಗೆ ಹೇಳಿ ಕುಂಕುಮ ತರಿಸಿದರು. ಫ್ಯಾನಿಗೆ ಬೊಟ್ಟು, ಲೋಟಕ್ಕೆ ಬೊಟ್ಟು, ಮೇಲೊಂದು ದಾಸವಾಳ. ಊದುಬತ್ತಿ ಬೆಳಗಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಆಫೀಸಿನ ಗಾಜಿನ ಬೀರುವಿನೊಳಗೆ ಶೀಲ್ಡುಗಳ ಪಕ್ಕ ಇಟ್ಟು ಬೀಗ ಹಾಕಿದರು.

"ಸಾರ್, ಶಿವಮೊಗ್ಗಕ್ಕೆ ಹೋಗೋ ದಿನ ಎಷ್ಟೊತ್ತಿಗೆ ಬರಬೇಕು?" ಅಂತ ಅಕ್ಕ ಕೇಳಿದಳು.

"ಇದು ಎಲ್ಲಿಗೂ ಹೋಗಲ್ಲಮ್ಮ. ದಾರೀಲಿ ಒಡೆದು ಹೋದ್ರೆ? ಕಂಪ್ಯೂಟರ್ ಹಾಳಾಯ್ತು ಅಂತ ಮೇಲಿನವರ ಹತ್ರ ಬೈಸಿಕೊಂಡಿದೀನಿ. ಸರ್ಕಾರದ ಸಾಮಾನು, ಇದೊಂದಾದ್ರೂ ನೆಟ್ಟಗೆ ಉಳೀಲಿ."

"ಒಡೆದ್ರೆ ಇನ್ನೊಂದ್ಸಲ ಅಂಟಿಸ್ತೀನಿ ಸಾರ್. ನಾನೇ ಮಾಡಿದ್ದಲ್ವಾ."

"ನೀನು ಮಾಡಿದ್ದಕ್ಕೇ ಅಲ್ವಾ ಪೂಜೆ ಮಾಡಿದ್ದು?" ಅಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ದೊಡ್ಡ ಉಪಕಾರ ಮಾಡಿದ ಸಮಾಧಾನವಿತ್ತು. ಕೆಟ್ಟ ಮನುಷ್ಯರಾಗಿದ್ದರೆ ಬೈದಾದರೂ ಬೈಯಬಹುದಿತ್ತು.

ಶಿವಮೊಗ್ಗಕ್ಕೆ ಒಂಬತ್ತನೇ ಕ್ಲಾಸಿನ ಹುಡುಗರು ಮಣ್ಣಿನ ಜ್ವಾಲಾಮುಖಿ ಹೊತ್ತುಕೊಂಡು ಹೋದರು. ಎಲ್ಲ ಶಾಲೆಯವರೂ ಅದನ್ನೇ ತಂದಿದ್ದರಂತೆ. ಬರಿಗೈಯಲ್ಲಿ ಬಂದರು.

ಪರೀಕ್ಷೆ ಮುಗಿಯಿತು, ಅಕ್ಕ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಕಾಲೇಜಿನ ಅರ್ಜಿ ತರಲು ಹೇಳಿದಾಗ ಅಪ್ಪಯ್ಯ, "ಪ್ರೈಜ್ ಎಲ್ಲಿ?" ಅಂದರು.

"ಅಪ್ಪಯ್ಯ, ತಿರುಗಿದ್ದನ್ನ ನೀನೇ ನೋಡಿದ್ಯಲ್ಲ."

"ನಾನು ನೋಡಿದ್ರೆ ಆತನೆ? ನಾಕು ಜನ ನೋಡ್ಬೇಕು."

ನಾಲ್ಕು ಜನ ನೋಡದ ಹಾಗೆ ಬೀಗ ಹಾಕಿದವರು ಯಾರು ಅಂತ ಅಕ್ಕ ಕೇಳಲಿಲ್ಲ. ಅವಳು ಆ ದಿನ ಕೊಟ್ಟಿಗೆಯ ಹಿಂದೆ ಹೋಗಿ ಕೂತಿದ್ದನ್ನು ನೋಡಿದ್ದೇನೆ, ಅಳುತ್ತಿರಲಿಲ್ಲ. ಆಮೇಲಿನ ಮೂರು ವರ್ಷ ಅವಳನ್ನು ಮನೆಯಲ್ಲಿ ಬಹಳ ಚೆನ್ನಾಗಿ ನೋಡಿಕೊಂಡರು. ಬಿಸಿಲಿಗೆ ಕಳಿಸಲಿಲ್ಲ, ಭಾರ ಎತ್ತಿಸಲಿಲ್ಲ. ಮನೆಯ ಲಕ್ಷ್ಮಿ ಅಂತ ಬಂದವರೆಲ್ಲ ಹೊಗಳಿದರು. ಅಪ್ಪಯ್ಯನ ಹಿಂದಿನ ಸೀಟಿನಲ್ಲಿ ಕೂತು ಅವಳು ಹೋದದ್ದು ಒಂದೇ ಸಲ, ತೀರ್ಥಹಳ್ಳಿಯ ಕಡೆ ಮದುವೆಯಾಗಿ ಹೊರಟ ದಿನ. ಅವತ್ತು ದಿಬ್ಬಣಕ್ಕೆಂದು ಅದೇ ಬಸ್ಸು ಹಿಡಿದಿದ್ದರು.

ನನ್ನ ಸರದಿ ಬರುವಷ್ಟರಲ್ಲಿ ಅಪ್ಪಯ್ಯ ಮೆತ್ತಗಾಗಿದ್ದರು, ಯಾವ ಪ್ರೈಜನ್ನೂ ಕೇಳಲಿಲ್ಲ. ಅಕ್ಕ ಕೂರಬೇಕಾಗಿದ್ದ ಸೀಟಿನಲ್ಲಿ ಕೂತು ನಾನು ಓದಿದೆ. ಈಗ ಸಾಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಲ್ಯಾಬಿನಲ್ಲಿ ಸ್ಟಿರರಿನ ಗುಂಡಿ ತಿರುಗಿಸುವಾಗ, ಇಲ್ಲಿ ನಿಲ್ಲಬೇಕಾದವಳು ನಾನಲ್ಲ ಅನ್ನಿಸದ ದಿನವಿಲ್ಲ.

ಹೋದ ವರ್ಷ ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಹಳೇ ವಿದ್ಯಾರ್ಥಿಗಳನ್ನು ಕರೆದಿದ್ದರು. ಅಕ್ಕನನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಕಂಪ್ಯೂಟರಿನ ಕೋಣೆಯಲ್ಲಿ ಈಗ ಸಾಲಾಗಿ ಕಂಪ್ಯೂಟರುಗಳು, ಮಕ್ಕಳು ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಆಫೀಸಿನ ಗಾಜಿನ ಬೀರು ಮಾತ್ರ ಅಲ್ಲೇ ಇತ್ತು. ಅದರೊಳಗೆ ನಮ್ಮ ಫ್ಯಾನೂ ಇತ್ತು. ಮೇಣ ಒಣಗಿ ಅಯಸ್ಕಾಂತದ ಒಂದು ಹೋಳು ಕಳಚಿ ಬಿದ್ದಿತ್ತು. ಕುಂಕುಮ ಮಾತ್ರ ಹೊಸದು.

ಅಕ್ಕ ಬೀರುವಿಗೆ ಕೈ ಹಾಕಿದಳು. ಅಲ್ಲಿದ್ದ ಹುಡುಗ ಜವಾನ, "ಮುಟ್ಬೇಡಿ ಅಮ್ಮಾ, ಪ್ರತಿ ವರ್ಷ ಪೂಜೆ ಮಾಡೋದು ಅದು" ಅಂದ.

"ಎಂತದಪ್ಪ ಅದು?" ಅಂತ ಅಕ್ಕ ಕೇಳಿದಳು.

"ಗೊತ್ತಿಲ್ಲ ಅಮ್ಮಾ. ಯಾವ್ದೋ ಕಂಪನಿದಿರಬೇಕು."

ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ಅದುಮಿದಳು. ಬಸ್ ಸ್ಟ್ಯಾಂಡಿಗೆ ನಡೆದೆವು. ಅವಳ ಬಸ್ಸು ಬಂದು ನಿಂತಾಗ ಕೇಳಿದಳು, "ನಿಮ್ಮ ಲ್ಯಾಬಿನ ಸ್ಟಿರರನ್ನ ಮಕ್ಕಳು ಮುಟ್ತಾರನೆ?"

"ಮುಟ್ತಾರೆ. ಹೇಳಿದ್ದು ಕೇಳಲ್ಲ. ವರ್ಷಕ್ಕೊಂದು ಒಡೆದು ಹಾಕ್ತಾರೆ."

"ಒಡೀಲಿ ಬಿಡೆ" ಅಂದು ಅಕ್ಕ ಬಸ್ ಹತ್ತಿದಳು.