ಸೊನ್ನೆಯಿಂದ ಎಣಿಸುವ ತಿಪ್ಪೇರುದ್ರಮ್ಮ

ಶನಿವಾರ ಬೆಳಗಿನ ಐದೂಮುಕ್ಕಾಲು. ಕೊಟ್ಟೂರಿನ ಫೋಟೊ ಸ್ಟುಡಿಯೊ ಒಂದರ ಮಹಡಿಯ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಬಂದ ತಿಪ್ಪೇರುದ್ರಮ್ಮ ಕಂಪ್ಯೂಟರ್ ಪರದೆ ನೋಡಿ ನಿಂತಲ್ಲೇ ನಿಲ್ಲುತ್ತಾರೆ. ಎಂಟು ಸಾಲುಗಳಲ್ಲಿ ಏಳು ಹಸಿರು, ಒಂದು ಕೆಂಪು. ಮೂರನೇ ನಂಬರಿನ ಡಿಸ್ಕು ಕೈಕೊಟ್ಟಿದೆ. ಅವರು ಏನನ್ನೂ ಮುಟ್ಟುವುದಿಲ್ಲ. ಕೆಳಗಿನ ಮನೆಯಲ್ಲಿರುವ ಸ್ಟುಡಿಯೊ ಮಾಲೀಕ ಹಾಲಸ್ವಾಮಿಯವರಿಗೆ ಫೋನು ಹಚ್ಚುತ್ತಾರೆ.

“ಸ್ವಾಮ್ಯಾರ, ಮೂರು ಹೋಗೈತಿ. ಚಾ ಆಮ್ಯಾಲ ಕುಡೀರಿ, ಮೊದ್ಲು ಮ್ಯಾಲ ಬರ್ರಿ.”

ಮದುವೆಗೆ ಬಂದವರೆಲ್ಲ ಫೋಟೊದವನ ಮುಂದೆ ಹಲ್ಲು ಕಿರಿದು ನಿಲ್ಲುತ್ತಾರೆ. ಆ ನಗು ಆಮೇಲೆ ಎಲ್ಲಿ ಹೋಗಿ ಕೂರುತ್ತದೆಂದು ಯಾರೂ ಕೇಳುವುದಿಲ್ಲ. ಅದು ಬಂದು ಕೂರುವುದು ಈ ಕೋಣೆಯ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಇಪ್ಪತ್ತಾರು ಸ್ಟುಡಿಯೊಗಳು ಸೇರಿ ಇಟ್ಟುಕೊಂಡಿರುವ ಪೆಟ್ಟಿಗೆ ಅದು. ಹನ್ನೊಂದು ವರ್ಷಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮದುವೆಗಳು ಅದರ ಎಂಟು ಡಿಸ್ಕುಗಳಲ್ಲಿ ಹಂಚಿಹೋಗಿವೆ. ಒಂದು ಡಿಸ್ಕು ಸತ್ತರೆ ಉಳಿದ ಏಳು ಹೇಗೋ ತಡೆದುಕೊಳ್ಳುತ್ತವೆ. ಎರಡನೆಯದೂ ಹೋದರೆ ಎಂಟೂ ಖಾಲಿ ಡಬ್ಬಿಗಳೇ.

ಪ್ರತಿ ಶನಿವಾರ ಸಂಜೆ ಕೂಡ್ಲಿಗಿಯಿಂದ ಬಸ್ಸಿನಲ್ಲಿ ಇನ್ನೊಂದು ಪೆಟ್ಟಿಗೆ ಬರುತ್ತದೆ; ಆ ವಾರದ ಫೋಟೊಗಳ ನಕಲು ತುಂಬಿಸಿಕೊಂಡು ವಾಪಸಾಗುತ್ತದೆ. ಅದು ಬರಲು ಇನ್ನೂ ಹನ್ನೆರಡು ತಾಸಿದೆ. ಈ ವಾರದ ಒಂಬತ್ತು ಮದುವೆಗಳಿಗೆ ಬೇರೆ ಪ್ರತಿಯೇ ಇಲ್ಲ. ಮುಂದಿನ ಮುಹೂರ್ತಕ್ಕೆಂದು ಕ್ಯಾಮೆರಾದವರು ಕಾರ್ಡುಗಳನ್ನೂ ಅಳಿಸಿಕೊಂಡು ಹೋಗಿದ್ದಾರೆ.

ತಿಪ್ಪೇರುದ್ರಮ್ಮನವರಿಗೆ ನಲವತ್ತೊಂದು ವರ್ಷ. ಪಿಯುಸಿ ಮುಗಿಸಿ, ಇದೇ ಸ್ಟುಡಿಯೊದಲ್ಲಿ ಫೋಟೊಗಳ ಅಂಚು ಕತ್ತರಿಸುವ ಕೆಲಸಕ್ಕೆ ಸೇರಿದವರು. ಡಿಸ್ಕುಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರನ್ನು ಅದನ್ನು ಹಾಕಿಕೊಡಲು ಬಂದವರ ಬೆನ್ನ ಹಿಂದೆ ನಿಂತೇ ಕಲಿತರು. ದಿನಕ್ಕೆ ಆರು ಸಲ ಪರದೆ ನೋಡುತ್ತಾರೆ. ಯಾವ ಡಿಸ್ಕಿನ ಬಿಸಿ ನಲವತ್ತು ಡಿಗ್ರಿ ದಾಟಿತು, ಯಾವುದು ಓದಲು ತಡವರಿಸಿತು ಎಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಇದುವರೆಗೆ ಹದಿನಾಲ್ಕು ನೋಟ್‌ಬುಕ್ ತುಂಬಿವೆ.

ಇಷ್ಟೆಲ್ಲ ಜಾಗ್ರತೆಯ ಹಿಂದೆ ಒಂದು ತಪ್ಪಿದೆ. ಅವರ ತಂದೆ ಬೆನಕಪ್ಪ ಕೊಟ್ಟೂರಿನ ಸಂತೆಯಲ್ಲಿ ಜೋಳ ಅಳೆಯುತ್ತಿದ್ದವರು. “ಅಪ್ಪ ಅಳಿಯೋವಾಗ ಒಂದು ಅಂತಿದ್ದಿಲ್ರಿ, ಲಾಭ ಅಂತಿದ್ದ. ಆಮ್ಯಾಲ ಎರಡು, ಮೂರು. ಪಕ್ಕದಾಗ ಕುಂತು ಕೇಳಿ ಕೇಳಿ ನನ್ನ ಬಾಯಾಗೂ ಅದ ಕುಂತೈತಿ.” ಸಾಫ್ಟ್‌ವೇರ್ ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆ ಎನ್ನಲು ಮನಸ್ಸು ಬಾರದೆ ಇವರು ಮೊದಲ ಡಿಸ್ಕಿಗೆ ಲಾಭ ಎಂದು ಹೆಸರಿಟ್ಟುಕೊಂಡಿದ್ದರು.

ಹೋದ ವರ್ಷ ಐದನೇ ನಂಬರು ಕೆಟ್ಟಾಗ, ಅವಸರದಲ್ಲಿ ನಾಲಿಗೆ ಅಪ್ಪನ ದಾರಿ ಹಿಡಿಯಿತು. ಲಾಭ, ಎರಡು, ಮೂರು, ನಾಲ್ಕು, ಐದು. ಲಾಭದ ನಂತರ ಒಂದು ಎನ್ನಬೇಕಿತ್ತು. ಹಾಗೆನ್ನದ್ದಕ್ಕೆ ಕೈಗೆ ಬಂದದ್ದು ಗಟ್ಟಿಮುಟ್ಟಾಗಿದ್ದ ನಾಲ್ಕನೇ ನಂಬರು. ಗಾಬರಿಯಲ್ಲಿ ಅದನ್ನು ಮತ್ತೆ ತುರುಕಿ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡಲೇ ಎಂದು ಪರದೆ ಕೇಳಿದ ಪ್ರಶ್ನೆಯನ್ನು ಓದದೇ ‘ಹೌದು’ ಒತ್ತಿದರು. ಹಳೆಯದೆಲ್ಲ ಕೂಡ್ಲಿಗಿಯ ನಕಲಿನಿಂದ ಮರಳಿ ಬಂತು. ಆ ವಾರದ ನಾಲ್ಕು ಮದುವೆಗಳು ಬರಲಿಲ್ಲ.

ನಾಲ್ಕೂ ಮನೆಗೆ ತಾವೇ ಹೋಗಿ ತಪ್ಪು ಒಪ್ಪಿಕೊಂಡರು. ಮೂರು ಮನೆಯವರು ಬಾಯಿಗೆ ಬಂದಂತೆ ಬೈದರು. ನಾಲ್ಕನೆಯದಾದ ಹಂಪಸಾಗರದ ಮನೆಯಲ್ಲಿ ಮದುಮಗಳ ಅಜ್ಜಿ ಮದುವೆಯಾದ ವಾರಕ್ಕೇ ತೀರಿಹೋಗಿದ್ದರು; ಅವರ ಕೊನೆಯ ಫೋಟೊಗಳೂ ಅಳಿದವುಗಳಲ್ಲೇ ಇದ್ದವು. “ಅವ್ರು ಬೈಲಿಲ್ರಿ. ಹೋಗ್ಲಿ ಬಿಡವ್ವ ಅಂದು ಚಾ ಕೊಟ್ರು. ಆ ಚಾ ಗಂಟಲಾಗ ಇಳೀಲಿಲ್ಲ.”

ಹಾಲಸ್ವಾಮಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾರೆ. ಡಿಸ್ಕಿನ ದೀಪ ಮಿನುಗಿಸಿ ಗುರುತು ಹಿಡಿಯುವ ಗುಂಡಿ ಪರದೆಯ ಮೇಲಿದೆ. ಆದರೆ ಸತ್ತ ಡಿಸ್ಕು ಮಿನುಗುವುದಿಲ್ಲ. ಅದಕ್ಕೇ ಪ್ರತಿ ಡಿಸ್ಕಿನ ಮುಂದೆ ಅದರ ಕಂಪನಿ ನಂಬರಿನ ಕೊನೆಯ ನಾಲ್ಕು ಅಂಕಿಗಳ ಚೀಟಿ ಅಂಟಿಸಿದೆ. ಅದೇ ಅಂಕಿಗಳು ನೋಟ್‌ಬುಕ್‌ನಲ್ಲೂ ಇವೆ. ಅದು ಹಾಲಸ್ವಾಮಿಯವರ ಕೈಯಲ್ಲಿದೆ.

“ಸೊನ್ನಿ, ಒಂದು, ಎರಡು, ಮೂರು.” ತಿಪ್ಪೇರುದ್ರಮ್ಮ ಒಂದೊಂದನ್ನೂ ಬೆರಳಿಂದ ಮುಟ್ಟುತ್ತಾರೆ. “ಚೀಟಿ ನಾ ಓದಂಗಿಲ್ಲ. ನಿಮ್ಮದಾಗ ಏನೈತಿ ಹೇಳ್ರಿ.”

“ಏಳು, ಸೊನ್ನಿ, ಎರಡು, ಒಂಬತ್ತು.”

“ಇನ್ನೊಮ್ಮಿ.”

“ಏಳು, ಸೊನ್ನಿ, ಎರಡು, ಒಂಬತ್ತು. ಎಳಿ ರುದ್ರಮ್ಮ, ನನ್ನ ಎದಿ ಹೊಡಕೊಳ್ಳಾಕ ಹತ್ತೈತಿ.”

ಈಗ ಚೀಟಿಯತ್ತ ಬಾಗುತ್ತಾರೆ. ಏಳು, ಸೊನ್ನೆ, ಎರಡು, ಒಂಬತ್ತು. ಡಿಸ್ಕನ್ನು ಎಳೆಯುತ್ತಾರೆ. ಉಳಿದ ಏಳು ಹಸಿರಾಗಿಯೇ ಇವೆ. ಹೊಸ ಡಿಸ್ಕು ಒಳಗೆ ಹೋಗುತ್ತದೆ. ಪರದೆ ಪ್ರಶ್ನೆ ಕೇಳುತ್ತದೆ. ಅದನ್ನು ಮೂರು ಸಲ ಓದಿ ಒತ್ತುತ್ತಾರೆ. ಏಳು ಡಿಸ್ಕುಗಳಲ್ಲಿ ಉಳಿದದ್ದನ್ನು ಓದಿ ಎಂಟನೆಯದನ್ನು ತುಂಬಲು ಒಂಬತ್ತು ತಾಸು ಬೇಕೆಂದು ಪರದೆ ಹೇಳುತ್ತದೆ. ಅಷ್ಟು ಹೊತ್ತು ಈ ಏಳರಲ್ಲಿ ಒಂದೂ ನೆಗಡಿ ಬಂದವರಂತೆ ಸೀನಕೂಡದು.

ಹನ್ನೊಂದು ಗಂಟೆಗೆ ಕರೆಂಟು ಹೋಗುತ್ತದೆ. ಬ್ಯಾಟರಿ ತಡೆಯುವುದು ನಲವತ್ತು ನಿಮಿಷ. ತಿಪ್ಪೇರುದ್ರಮ್ಮ ಫ್ಯಾನು ಆರಿಸಿ, ಕಿಟಕಿ ತೆಗೆದು, ಪೆಟ್ಟಿಗೆಗೆ ಬೀಸಣಿಗೆ ಬೀಸುತ್ತ ಕೂರುತ್ತಾರೆ. ಮೂವತ್ತನಾಲ್ಕನೇ ನಿಮಿಷಕ್ಕೆ ಕರೆಂಟು ಬರುತ್ತದೆ. ಬೀಸಣಿಗೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ.

ಮೂರೂವರೆಗೆ ಎಂಟೂ ಸಾಲು ಹಸಿರು. ಸಂಜೆ ಕೂಡ್ಲಿಗಿಯ ಪೆಟ್ಟಿಗೆ ಬರುತ್ತದೆ, ಒಂಬತ್ತು ಮದುವೆಗಳ ನಕಲೂ ಮುಗಿಯುತ್ತದೆ. ಇಷ್ಟೆಲ್ಲ ನಡೆದದ್ದು ಆ ಒಂಬತ್ತು ಮನೆಗಳಲ್ಲಿ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ದುಡಿದರೂ ಹೆಸರು ಹೊರಗೆ ಬಾರದ ಬೇಸರವಿಲ್ಲವೇ ಎಂದು ಕೇಳಿದರೆ, ಅವರು ನೋಟ್‌ಬುಕ್ ಮುಚ್ಚಿಡುತ್ತಾರೆ.

“ನನ್ನ ಹೆಸ್ರು ನಾಕು ಮನಿಗೆ ಗೊತ್ತೈತ್ರಿ. ಐದನೇ ಮನಿಗೆ ಗೊತ್ತಾಗಬಾರ್ದು, ಅಷ್ಟ.”