ಚಿಂತಾಕಿಯ ಭೋಂಗಾ ಕೂಗಿದ ದಿನ

ದೆವ್ವ, ಪವಾಡ, ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳಿಹೋಗುವುದು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಚಹಾ ಮಾಡಲು ಹೋಗುವವಳು. ಕೇಳುವ ತಾಳ್ಮೆ ನನಗಿಲ್ಲ. “ಇಕಿ ಎದುರಿಗಿ ದೇವ್ರೇ ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತಾಳ” ಎಂದು ಭಾಲ್ಕಿಯಲ್ಲಿರುವ ನಮ್ಮವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಾನೂ ನಗುತ್ತಿದ್ದೆ. ಬೀದರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಕಾರಣವಿಲ್ಲದೆ ಯಂತ್ರದಲ್ಲಿ ಒಂದು ದೀಪವೂ ಹತ್ತುವುದಿಲ್ಲ ಎಂಬುದು ನನಗೆ ಅನ್ನ ಹಾಕುವ ವಿದ್ಯೆಯ ಮೊದಲ ಪಾಠ.

ಆದರೆ ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಕಿವಿಯಾರೆ ಕೇಳಿದ ಒಂದು ಸದ್ದಿಗೆ ಇಂದಿನವರೆಗೂ ನನಗೆ ಕಾರಣ ಸಿಕ್ಕಿಲ್ಲ. ಇಂಥವೆಲ್ಲ ನಡುರಾತ್ರಿ ನಡೆಯುತ್ತವೆ ಎನ್ನುತ್ತಾರೆ. ನನ್ನದು ನಡೆದದ್ದು ಹಾಡುಹಗಲಲ್ಲಿ, ಊರಿಗೆ ಊರೇ ಎಚ್ಚರವಿದ್ದಾಗ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ನಾನಂತೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನನ್ನ ಅಕ್ಕ ಜಗದೇವಿಯನ್ನು ಚಿಂತಾಕಿಗೆ ಕೊಟ್ಟಿದ್ದೇವೆ. ಕುರಿ ಸಾಕುವ ಮನೆತನ. ಊರ ಹೊರಗೆ ದನ, ಕುರಿ ಮೇಯಲು ಬಿಟ್ಟ ಗೈರಾಣವಿದೆ, ಒಂದು ಬೇವಿನ ಮರ ಬಿಟ್ಟರೆ ಬಟಾಬಯಲು. ಒಂದು ಬೇಸಿಗೆಯಲ್ಲಿ ಅಕ್ಕನ ಮೈದುನ ಮಾಳಪ್ಪ ಅಲ್ಲಿಯೇ ಸಿಡಿಲಿಗೆ ಸಿಕ್ಕು ಹೋದ. ತಲೆಯ ಮೇಲೆ ಬಿಸಿಲಿತ್ತಂತೆ, ಮೋಡ ಇನ್ನೂ ದೂರದಲ್ಲಿತ್ತಂತೆ. ಬಾಯಿತುಂಬ ನಗುವ ಹುಡುಗ. ಅವನು ಹೋದ ಮೇಲೆ ಕುರಿಗಳ ಹಿಂದೆ ಹೋಗುವ ಕೆಲಸ ಅಕ್ಕನ ಪಾಲಿಗೆ ಬಂತು. ಮುಂದಿನ ಬೇಸಿಗೆ ಹತ್ತಿರವಾದಂತೆ ಅವಳು ಫೋನಿನಲ್ಲಿ ಒಂದೇ ಮಾತು ಹಿಡಿದಳು.

“ನೀ ಏನೇನೋ ಮಷೀನ್ ಮಾಡ್ತೇನಿ ಅಂತಿ. ಸಿಡ್ಲು ಬರೂಕಿಂತ ಮೊದ್ಲು ಹೇಳೂದೊಂದು ಮಾಡಿಕೊಡವ್ವ. ದಿನಾ ಮ್ಯಾಲ ನೋಡಿ ನೋಡಿ ನನ್ನ ಕುತಗಿ ಬಿದ್ದು ಹೋಗ್ಯಾದ.”

ನಗಿಸುವಂತೆ ಹೇಳಿದಳು, ಆದರೆ ಅವಳ ದನಿಯಲ್ಲಿ ಅಂಜಿಕೆ ಇತ್ತು. ನಮ್ಮಕ್ಕ ಸುಮ್ಮಸುಮ್ಮನೆ ಅಂಜುವ ಹೆಂಗಸಲ್ಲ.

ಅಂಥ ಯಂತ್ರ ಮಾಡುವುದು ದೊಡ್ಡ ಸಂಗತಿಯೇನಲ್ಲ. ದೂರದಲ್ಲಿ ಮಿಂಚು ಹೊಡೆದರೆ ಹಳೆಯ ರೇಡಿಯೊದಲ್ಲಿ ಕರಕರ ಸದ್ದು ಬರುತ್ತದಲ್ಲ, ಅದನ್ನೇ ಒಂದು ಪುಟ್ಟ ಸಾಧನ ಹಿಡಿಯುತ್ತದೆ. ಅದಕ್ಕೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಅದಕ್ಕೊಂದು ಭೋಂಗಾ, ಅಂದರೆ ಗಿರಣಿಯಲ್ಲಿ ಕೂಗುತ್ತದಲ್ಲ ಅಂಥ ಸೈರನ್ನು. ಸಿಡಿಲಿನ ಮೋಡ ಊರಿನ ಕಡೆ ಬಂದರೆ ಕೂಗಬೇಕು, ಬಯಲಲ್ಲಿದ್ದವರು ಮನೆ ಸೇರಬೇಕು.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಇದು ತಿಳಿಯದಿದ್ದರೆ ಮುಂದಿನದು ನಿಮಗೆ ವಿಚಿತ್ರ ಅನಿಸುವುದೇ ಇಲ್ಲ. ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎನ್ನುತ್ತೇವೆ. ಅದು ಎದ್ದರೆ ಉಳಿದದ್ದೆಲ್ಲ ಏಳುತ್ತದೆ, ಅದು ಮಲಗಿದರೆ ಎಲ್ಲವೂ ಕಲ್ಲು. ಅದನ್ನು ಕಟ್ಟುವಾಗ ರಾಶಿ ಪ್ರಶ್ನೆಗಳಿಗೆ ಬೇಕು, ಬೇಡ ಎಂದು ಉತ್ತರ ಕೊಡಬೇಕು. ಪರದೆ ಬೇಕೇ? ಬೇಡ. ಕೀಲಿಮಣೆ? ಬೇಡ. ಹೊಲಕ್ಕೆ ಬುತ್ತಿ ಕಟ್ಟಿದ ಹಾಗೆ, ಅಲ್ಲಿ ಬೇಕಾದಷ್ಟು ಮಾತ್ರ ಇಟ್ಟು ಉಳಿದದ್ದನ್ನು ತೆಗೆದೆ. ಆದರೆ ಎಲ್ಲಕ್ಕೂ ಮೊದಲ ಪ್ರಶ್ನೆ ಬೇರೆ: ಇದು ಯಾವ ಪ್ರೊಸೆಸರಿಗಾಗಿ?

ಪ್ರೊಸೆಸರುಗಳಲ್ಲಿ ವಂಶಗಳಿವೆ, ಆರ್ಮ್ ಅಂತ ಒಂದು, ರಿಸ್ಕ್-ಫೈವ್ ಅಂತ ಒಂದು, ಹೀಗೆ. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಕನ್ನಡದ ಕಾಗದವನ್ನು ಉರ್ದು ಮಾತ್ರ ಓದಬಲ್ಲವರ ಕೈಗೆ ಕೊಟ್ಟಂತೆ. ಆರ್ಮ್‌ಗೆಂದು ಕಟ್ಟಿದ ಕರ್ನೆಲ್ಲನ್ನು ರಿಸ್ಕ್-ಫೈವ್ ಬೋರ್ಡಿಗೆ ಹಾಕಿದರೆ ಅದು ತಪ್ಪುತಪ್ಪಾಗಿ ನಡೆಯುತ್ತದೆ ಅಂತಲ್ಲ, ನಡೆಯುವುದೇ ಇಲ್ಲ. ಮೊದಲ ಅಕ್ಷರದಲ್ಲೇ ನಿಂತುಬಿಡುತ್ತದೆ.

ನಾನು ಕಟ್ಟಿದ್ದು ಆರ್ಮ್‌ಗೆ. ಕರ್ನೆಲ್ಲು, ಸೈರನ್ ಕೂಗಿಸುವ ಪ್ರೋಗ್ರಾಮು ಎರಡನ್ನೂ ಒಂದು ಸಣ್ಣ ಮೆಮರಿ ಕಾರ್ಡಿಗೆ ಹಾಕಿ ಮನೆಯಲ್ಲೇ ಪರೀಕ್ಷೆ ಮಾಡಿದೆ. ಅಡುಗೆಮನೆಯ ಗ್ಯಾಸ್ ಲೈಟರನ್ನು ಹತ್ತಿರ ಹಿಡಿದು ಕಟಕ್ ಅನ್ನಿಸಿದರೆ ಸಾಕು, ಬೋರ್ಡು ಅದನ್ನೇ ಸಿಡಿಲೆಂದು ತಿಳಿದು ಕೂಗುತ್ತಿತ್ತು. ಮೂರು ಉದ್ದ ಕೂಗು, ನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು. ತುಸು ಸುಮ್ಮನಿದ್ದು ಮತ್ತೆ ಮೂರು. ಬೇರೆ ಯಾವ ಸೈರನ್ನಿನೊಂದಿಗೂ ಗೊಂದಲವಾಗಬಾರದೆಂದು ಆ ಲೆಕ್ಕ ನಾನೇ ಹಾಕಿದ್ದೆ. ಅದಿದ್ದದ್ದು ನನ್ನ ಪ್ರೋಗ್ರಾಮಿನಲ್ಲಿ ಮಾತ್ರ.

ಪೆಟ್ಟಿಗೆ, ಭೋಂಗಾ, ವೈರಿಂಗು ಎಲ್ಲ ಮೊಯಿನ್ ಭಾಯಿಯ ಕೆಲಸ. ಬೀದರಿನ ಚೌಬಾರಾದ ಹತ್ತಿರ ಅವರದು ಲೌಡ್‌ಸ್ಪೀಕರ್ ರಿಪೇರಿ ಅಂಗಡಿ. ಒಂದು ಸ್ಕ್ರೂ ಸಡಿಲಿದ್ದರೂ ಊಟ ಮಾಡದ ಮನುಷ್ಯ. ನಾನು ಕಲಿಯಲೆಂದು ತರಿಸಿಟ್ಟಿದ್ದ ಇನ್ನೊಂದು ಬೋರ್ಡನ್ನು ಪೆಟ್ಟಿಗೆಯ ಅಳತೆ ನೋಡಲು ಅವರಿಗೆ ಮೊದಲೇ ಕೊಟ್ಟಿದ್ದೆ. ಅದು ರಿಸ್ಕ್-ಫೈವ್. ನೋಡಲು ಎರಡೂ ಅವಳಿ ಜವಳಿ, ಅದೇ ಹಸಿರು, ಅದೇ ಅಳತೆ. ಕೂಡಿಸುವ ದಿನ ನನಗೆ ಕಾಲೇಜಿನ ಪರೀಕ್ಷೆಯ ಕೆಲಸ ಬಿತ್ತು, ಕಾರ್ಡು ಹಾಕಿದ ಆರ್ಮ್ ಬೋರ್ಡನ್ನು ಅವರ ಕೈಗೆ ಕೊಟ್ಟು ಕಳಿಸಿದೆ. ಮೊಯಿನ್ ಭಾಯಿ ಒಬ್ಬರೇ ಹೋಗಿ ಊರ ನೀರಿನ ಟಾಕಿಯ ಮೇಲೆ ಪೆಟ್ಟಿಗೆ ಕೂಡಿಸಿ, ಮಳೆ ನೀರು ಹೋಗದಂತೆ ಮುಚ್ಚಳದ ಸುತ್ತ ಲಪ್ಪ, ಅಂದರೆ ಪುಟ್ಟಿ, ಬಳಿದು, “ಫಸ್ಟ್ ಕ್ಲಾಸ್ ಆಗ್ಯಾದ್ರಿ ಮೇಡಂ” ಎಂದು ಫೋನ್ ಮಾಡಿದರು. ಮುಚ್ಚುವ ಮೊದಲು ಒಳಗಿನ ಗುಂಡಿ ಒತ್ತಿ ಸೈರನ್ ಕೇಳಿಸಿಯೂ ಇದ್ದರು. ಆ ಗುಂಡಿಯಿಂದ ಭೋಂಗಾಕ್ಕೆ ನೇರ ವೈರು, ಅದಕ್ಕೆ ಬೋರ್ಡು ಬೇಕಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅವರ ಅಂಗಡಿಗೆ ಹೋದೆ. ಮಿರಗ, ಅಂದರೆ ಮೃಗಶಿರಾ ಮಳೆ, ಇನ್ನೂ ಕೂಡಿರಲಿಲ್ಲ, ಸೆಕೆ ಅಂದರೆ ಸೆಕೆ. ಅವರು ಒಂದು ಬೋರ್ಡು ನನ್ನ ಮುಂದಿಟ್ಟು, “ಇದು ಒಯ್ಯಿರಿ ಮೇಡಂ. ಸ್ಕ್ರೂ ಹಾಕೂ ಜಾಗಾ ಸೀಳಿತ್ರಿ, ಅದಕ್ಕ ಇನ್ನೊಂದು ಕೂಡ್ಸೀನಿ. ಕಾರ್ಡ್ ತೆಗೆದು ಅದಕ್ಕ ಹಾಕೀನಿ” ಎಂದರು.

ಎತ್ತಿ ನೋಡಿದೆ. ಆರ್ಮ್ ಬೋರ್ಡು ನನ್ನ ಕೈಯಲ್ಲಿತ್ತು.

ಹಾಗಾದರೆ ಟಾಕಿಯ ಮೇಲೆ ಇರುವುದು? ಅವರದೇನೂ ತಪ್ಪಿಲ್ಲ. ಸೀಳಿದ್ದನ್ನು ಬಿಟ್ಟು ಗಟ್ಟಿ ಇದ್ದದ್ದನ್ನು ಕೂಡಿಸಿದ್ದರು, ಅಷ್ಟೇ. ಆದರೆ ಚಿಂತಾಕಿಯ ಟಾಕಿಯ ಮೇಲೆ ನಾವಿಟ್ಟದ್ದು ಸತ್ತ ಪೆಟ್ಟಿಗೆ.

ಅಕ್ಕ ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಅವಳ ಅತ್ತಿ ಎತ್ತಿದರು. “ಜಗದೇವಿ ಗೈರಾಣದಾಗ ಅದಾಳವ್ವ. ಔರಾದ ಕಡಿ ಮೋಡ ಆಗ್ಯಾದ, ಖರೆ. ಆದ್ರ ಭೋಂಗಾ ಇನ್ನಾ ಕೂಗಿಲ್ಲಲ್ಲ? ಕೂಗಿದ್ರ ಬರ್ತಾಳ ತಗೋ.”

ಮೊದಲಾದರೆ ಅಕ್ಕ ಮೋಡ ಕಂಡರೆ ಕುರಿ ತಿರುಗಿಸುತ್ತಿದ್ದಳು. ಈಗ ಮೋಡ ನೋಡುವುದು ಬಿಟ್ಟು ನನ್ನ ಭೋಂಗಾಕ್ಕಾಗಿ ಕಾಯುತ್ತಿದ್ದಾಳೆ. “ಅತ್ತಿ, ಅದು ಕೆಟ್ಟದ, ಯಾರನ್ನಾರ ಓಡಿಸ್ರಿ” ಎಂದು ಕೂಗಿದೆ. ಅಷ್ಟರಲ್ಲಿ ಲೈನು ಕಡಿದಿತ್ತು. ಮತ್ತೆ ಹತ್ತಲಿಲ್ಲ. ಭಾವನ ಫೋನೂ ಹತ್ತಲಿಲ್ಲ.

ಸಂಗತಿ ತಿಳಿದು ಮೊಯಿನ್ ಭಾಯಿ ಅಂಗಡಿಯ ಶಟರ್ ಎಳೆದು ಬೈಕ್ ತೆಗೆದರು. ಆರ್ಮ್ ಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು ಹಿಂದೆ ಕುಳಿತೆ. ಜನವಾಡ ದಾಟಿತು, ಮಾಂಜ್ರಾ ಸೇತುವೆ ದಾಟಿತು. ಸಂತಪುರದ ಹತ್ತಿರ ಬರುವಾಗ ಎದುರಿನ ಆಕಾಶ ಕಾಡಿಗೆಯಂತೆ ಕಪ್ಪಾಗಿತ್ತು, ಅದರೊಳಗೆ ಆಗಾಗ ಬೆಳಕು ಹೊರಳುತ್ತಿತ್ತು, ಸದ್ದು ಇನ್ನೂ ಇರಲಿಲ್ಲ. ದೇವರನ್ನು ನಂಬದವಳು ಅಂದು ಎಷ್ಟು ದೇವರ ಹೆಸರು ಹೇಳಿದೆನೋ ನನಗೇ ಗೊತ್ತಿಲ್ಲ. ಔರಾದ ದಾಟಿ ಚಿಂತಾಕಿಯ ದಾರಿ ಹಿಡಿದರೆ ಬೈಕಿಗಿಂತ ಮೋಡವೇ ಮುಂದೆ ಹೋಗುತ್ತಿತ್ತು.

ಊರು ಕಂಡಿತು. ಟಾಕಿ ಕಂಡಿತು. ಊರ ಮೇಲೆ ಇನ್ನೂ ಬಿಸಿಲಿತ್ತು.

ಆಗ ಭೋಂಗಾ ಕೂಗಿತು.

ಮೊಯಿನ್ ಭಾಯಿ ಗಕ್ಕನೆ ಬ್ರೇಕ್ ಹಾಕಿದರು. ಒಂದು ಉದ್ದ ಕೂಗು. ಬಿಡುವು. ಎರಡನೆಯದು. ಬಿಡುವು. ಮೂರನೆಯದು. ಆಮೇಲೆ ತುಸು ಸುಮ್ಮನಾಗಿ, ಮತ್ತೆ ಮೂರು. ನಾನು ಹಾಕಿದ ಲೆಕ್ಕ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

“ಯಾ ಅಲ್ಲಾ… ಇದು ಹ್ಯಾಂಗ ಕೂಗಲಿಕತ್ತದ್ರಿ ಮೇಡಂ?” ಎಂದರು. ನಾನು ಚೀಲವನ್ನು ಎದೆಗೆ ಒತ್ತಿಕೊಂಡೆ. ಅದನ್ನು ಎಬ್ಬಿಸಬಲ್ಲ ಬೋರ್ಡು ಆ ಚೀಲದಲ್ಲಿತ್ತು.

ನನಗೆ ಭಯವಾಗಲಿಲ್ಲ. ಇದನ್ನು ಸರಿಯಾಗಿ ಹೇಳಬೇಕು. ಮನೆಗೆ ಯಾರೋ ದೊಡ್ಡವರು ಬಂದರೆ ನಮಗೆ ತಿಳಿಯದೆಯೇ ಎದ್ದು ನಿಲ್ಲುತ್ತೇವಲ್ಲ, ಹಾಗೆ ಬೈಕಿನಿಂದ ಇಳಿದು ರಸ್ತೆಯಲ್ಲಿ ನಿಂತುಬಿಟ್ಟೆ. ಊರಿನಲ್ಲಿ ಯಾರಿಗೂ ಅದು ಆಶ್ಚರ್ಯವೇ ಅಲ್ಲ. ಯಂತ್ರ ಕೂಗುತ್ತದೆ ಎಂದಿದ್ದರು, ಕೂಗಿತು. ಹೆಂಗಸರು ಬಟ್ಟೆ ಎಳೆದುಕೊಂಡು ಒಳಗೆ ಹೋಗುತ್ತಿದ್ದರು, ಹೊಲದಿಂದ ಜನ ಓಡಿ ಬರುತ್ತಿದ್ದರು. ಆ ಕೂಗು ಆಗಲಾರದ್ದು ಎಂದು ಗೊತ್ತಿದ್ದವರು ನಾವಿಬ್ಬರೇ.

ಗೈರಾಣದ ಇಳಿಜಾರಿನಲ್ಲಿ ಕುರಿಗಳು ದೂಳೆಬ್ಬಿಸಿಕೊಂಡು ಬಂದವು. ಅವುಗಳ ಹಿಂದೆ ಅಕ್ಕ, ಹೆಗಲ ಮೇಲೊಂದು ಮರಿ, ಕಾಲಲ್ಲಿ ಚಪ್ಪಲಿ ಇಲ್ಲ. ನನ್ನನ್ನು ಕಂಡು, “ನೀ ಯಾವಾಗ ಬಂದಿ?” ಎಂದು ಕೇಳಿದಳೇ ಹೊರತು ನಿಲ್ಲಲಿಲ್ಲ. ನಾವು ಪಡಸಾಲೆ ಸೇರಿ ಅತ್ತಿ ಬಾಗಿಲು ಎಳೆಯುವಷ್ಟರಲ್ಲಿ ಮನೆಯೇ ಬೆಳ್ಳಗಾಯಿತು. ಅಂಥ ಸದ್ದನ್ನು ನಾನು ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ. ಗೈರಾಣದ ಬೇವಿನ ಮರ ನಡುವೆ ಸೀಳಿ ಹೊಗೆಯಾಡಿತು. ಅಕ್ಕ ಅದರ ಕೆಳಗೇ ಕುಳಿತಿದ್ದಳಂತೆ. ಅವಳ ಬುತ್ತಿಯ ಅರಿವೆ, ಚಪ್ಪಲಿ ಎರಡೂ ಅಲ್ಲಿಯೇ ಸುಟ್ಟು ಬಿದ್ದಿದ್ದವು.

ಮಳೆ ನಿಂತ ಮೇಲೆ ಮೊಯಿನ್ ಭಾಯಿಯೊಂದಿಗೆ ಟಾಕಿ ಹತ್ತಿದೆ. ಮುಚ್ಚಳದ ಸುತ್ತ ಅವರು ಬಳಿದ ಲಪ್ಪ ಹಾಗೆಯೇ ಗಟ್ಟಿಯಾಗಿತ್ತು, ಯಾರೂ ತೆರೆದಿರಲಿಲ್ಲ, ಗುಂಡಿ ಒತ್ತಿರಲಿಲ್ಲ. ಉಳಿಯಿಂದ ಕೆತ್ತಿ ತೆಗೆದೆವು. ಒಳಗೆ ರಿಸ್ಕ್-ಫೈವ್ ಬೋರ್ಡು, ಅದರಲ್ಲಿ ನನ್ನ ಆರ್ಮ್ ಕಾರ್ಡು. ಕರೆಂಟಿನ ಕೆಂಪು ದೀಪ ಹತ್ತಿತ್ತು. ಕರ್ನೆಲ್ ಎದ್ದೊಡನೆ ಮಿಣುಕಬೇಕಾದ ಹಸಿರು ದೀಪ ಸತ್ತಿತ್ತು. ಮೊಯಿನ್ ಭಾಯಿಯ ಜೇಬಿನಲ್ಲಿ ಲೈಟರಿತ್ತು, ಹಿಡಿದು ಕಟಕ್ ಕಟಕ್ ಎನ್ನಿಸಿದೆ. ಏನೂ ಇಲ್ಲ. ಆಫ್ ಮಾಡಿ ಆನ್ ಮಾಡಿದೆ. ಏನೂ ಇಲ್ಲ.

“ಸಿಡ್ಲಿನ ಕರೆಂಟ್ ವೈರಿನಾಗ ಬಂದಿರಬೇಕ್ರಿ” ಎಂದರು ಅವರು, ತಮಗೇ ನಂಬಿಕೆಯಿಲ್ಲದ ದನಿಯಲ್ಲಿ. ಬಂದಿರಬಹುದು. ಆದರೆ ವೈರಿಗೆ ನುಗ್ಗಿದ ಕರೆಂಟು ಒಮ್ಮೆ ಕಿರುಚುತ್ತದೆ, ಇಲ್ಲವೇ ಗರಗರ ಎನ್ನುತ್ತದೆ. ಮೂರು ಎಣಿಸುತ್ತದೆಯೇ? ಉಸಿರು ತೆಗೆದುಕೊಳ್ಳುತ್ತದೆಯೇ? ಸರಿಯಾದ ಬೋರ್ಡನ್ನು ತಂತಿಯಿಂದ ಬಿಗಿದು ಕೂಡಿಸಿ, ಲೈಟರಿನಿಂದ ಕೂಗಿಸಿ ನೋಡಿ ಕೆಳಗಿಳಿದೆವು. ಅದು ಅಂದಿನಿಂದ ತನ್ನ ಕೆಲಸ ಮಾಡುತ್ತಿದೆ, ಅದರಲ್ಲಿ ವಿಚಿತ್ರವೇನೂ ಇಲ್ಲ.

ಆ ರಿಸ್ಕ್-ಫೈವ್ ಬೋರ್ಡನ್ನು ಬೀದರಿಗೆ ತಂದು ಅದೇ ಕಾರ್ಡ್ ಹಾಕಿ ನಾನು ಪಟ್ಟ ಪಾಡು ಕೇಳಬೇಡಿ. ಒಂದು ಸಲವೂ ಎದ್ದಿಲ್ಲ. ತಿಳಿದವರನ್ನು ಕೇಳಿದೆ. ನೀವು ಚಿಪ್ಪನ್ನು ತಪ್ಪಾಗಿ ಓದಿದ್ದೀರಿ ಎಂದರು ಒಬ್ಬರು. ಗಾಬರಿಯಲ್ಲಿ ಎಣಿಕೆ ತಪ್ಪಿರಬೇಕು ಎಂದರು ಇನ್ನೊಬ್ಬರು. ಇರಲಿ, ನಾನು ತಪ್ಪಿದೆ ಅಂತಲೇ ಇಟ್ಟುಕೊಳ್ಳೋಣ. ಇಡೀ ಊರು ತಪ್ಪಿತೇ? ಕಾಲೇಜಿನಲ್ಲಿ ಪಾಠ ಹೇಳುವಾಗ, ಬೇರೆ ಪ್ರೊಸೆಸರಿನ ಕರ್ನೆಲ್ ನಡೆಯುವುದಿಲ್ಲ ಎಂದೇ ಇವತ್ತಿಗೂ ಹೇಳುತ್ತೇನೆ. ಅದು ಸತ್ಯವೇ.

ಅಂದು ಟಾಕಿಯಿಂದ ಇಳಿದು ಬಂದಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು. ಅತ್ತಿ ನನ್ನ ಬಾಯಿಗೆ ಬೆಲ್ಲ ಹಾಕಿದರು. ನಿಜ ಹೇಳಲು ಬಾಯಿ ತೆರೆದೆ, ಬೆಲ್ಲದ ಜೊತೆ ಅದನ್ನೂ ನುಂಗಿದೆ. ಹೇಳಿದರೆ ಅವರು ಮುಂದೆ ಭೋಂಗಾವನ್ನು ನಂಬುವುದು ಬಿಡುತ್ತಿದ್ದರು, ಇಲ್ಲವೇ ಟಾಕಿಗೆ ಪೂಜೆ ಶುರು ಮಾಡುತ್ತಿದ್ದರು. ಇಂದಿಗೂ ಅಕ್ಕನಿಗೆ ಹೇಳಿಲ್ಲ. “ನನ್ನ ತಂಗಿ ಕರದಳ್ರಿ, ಅದಕ್ಕ ಜೀವಂತ ಅದೀನಿ” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ನಾನು ತಲೆ ತಗ್ಗಿಸಿ ಕೂಡುತ್ತೇನೆ, ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಅಂದು ಅವಳನ್ನು ಆ ಮರದ ಕೆಳಗಿನಿಂದ ಕರೆದವರು ಯಾರೆಂದು ನನಗೆ ಗೊತ್ತಿಲ್ಲ. ನಾನಂತೂ ಅಲ್ಲ. ನಾನು ಇನ್ನೂ ದಾರಿಯಲ್ಲಿದ್ದೆ.