ಬಾಯಾರುವುದಿಲ್ಲ ಎಂದ ಹೆಂಗಸರು

"ಇಲ್ಲಿ ಇವತ್ತು ಮದುವೆ ಏನಾದರೂ ಇದೆಯಾ?"

ಆಡಿಟರ್ ಮೇಡಂ ನನ್ನ ಕಿವಿಯ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಮದುವೆ ಎಲ್ಲಿಂದ ಬರಬೇಕು? ನಾವು ನಿಂತಿದ್ದದ್ದು ಪುಂಜಾಲಕಟ್ಟೆ ಹತ್ತಿರದ ಒಂದು ಪುಟ್ಟ ಗೇರುಬೀಜದ ಫ್ಯಾಕ್ಟರಿಯಲ್ಲಿ.

ಆದರೆ ಆಕೆಯ ತಪ್ಪೂ ಇಲ್ಲ. ಎದುರಿಗೆ ಸಾಲಾಗಿ ಕೂತು ಬೀಜದ ಕೆಂಪು ಸಿಪ್ಪೆ ತೆಗೆಯುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ರೇಷ್ಮೆ ಸೀರೆ ಉಟ್ಟಿದ್ದರು. ತಲೆಗೆ ಫ್ಯಾಕ್ಟರಿಯ ಬಿಳಿ ಟೊಪ್ಪಿ, ಟೊಪ್ಪಿಯ ಕೆಳಗಿಂದ ಇಳಿಬಿದ್ದ ಮಲ್ಲಿಗೆ. ಬ್ಯಾರಿ ಮುಸ್ಲಿಂ ಹೆಂಗಸರು ಹಬ್ಬಕ್ಕೆ ಹೊಲಿಸಿದ ಹೊಸ ಚೂಡಿದಾರದಲ್ಲಿ ಮಿಂಚುತ್ತಿದ್ದರು. ಏಪ್ರನ್ ಎಲ್ಲಿ? ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಹಾಕಿಕೊಂಡರೆ ಸೀರೆ ಕಾಣುವುದಿಲ್ಲವಲ್ಲ!

ಆದದ್ದಿಷ್ಟೆ. ಹಿಂದಿನ ದಿನ ಮಾಲೀಕ ಹಮೀದಾಕ ಎಲ್ಲರನ್ನೂ ಕರೆದು, "ನಾಳೆ ದೊಡ್ಡ ಜನ ಬರ್ತಾರೆ, ಸ್ವಲ್ಪ ಚೆಂದ ಮಾಡಿ ಬನ್ನಿ" ಎಂದಿದ್ದರು. ಅವರ ಲೆಕ್ಕದಲ್ಲಿ ಚೆಂದ ಅಂದರೆ ಒಗೆದ ಏಪ್ರನ್. ಮನೆಗೆ ದೊಡ್ಡ ಜನ ಬಂದರೆ ನಮ್ಮೂರಿನ ಹೆಂಗಸರು ಏಪ್ರನ್ ಹಾಕುತ್ತಾರೆಯೇ? ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆಯುತ್ತಾರೆ.

"ಅಯ್ಯೋ ಅಲ್ಲಾ, ನನ್ನ ಕತೆ ಮುಗೀತು" ಎಂದು ಹಮೀದಾಕ ಹಣೆ ಒತ್ತಿಕೊಂಡರು.

ಅವರ ಗಾಬರಿಗೆ ಕಾರಣ ಇತ್ತು. ಹಮೀದಾಕ ಸೌದಿಯಲ್ಲಿ ತುಂಬಾ ವರ್ಷ ದುಡಿದು, ಊರಿಗೆ ಬಂದು ಈ ಫ್ಯಾಕ್ಟರಿ ಶುರು ಮಾಡಿದವರು. ಇಲ್ಲಿಯ ಬೀಜ ಹೋಗುವುದು ಮಂಗಳೂರಿನ ಒಂದು ರಫ್ತು ಕಂಪೆನಿಗೆ, ಅಲ್ಲಿಂದ ಯುರೋಪಿನ ಅಂಗಡಿಗಳಿಗೆ. ಅಲ್ಲಿಯ ಗಿರಾಕಿಗಳು ಈಗ ಹೊಸ ಪ್ರಶ್ನೆ ಎತ್ತಿದ್ದಾರಂತೆ. ಬೀಜ ರುಚಿಯಾಗಿದ್ದರೆ ಸಾಲದು, ಅದನ್ನು ಸುಲಿದವರನ್ನು ಮನುಷ್ಯರ ಹಾಗೆ ನೋಡಿಕೊಂಡಿದ್ದೀರಾ? ಹಾಗಾಗಿ ಮಂಗಳೂರಿನ ಕಂಪೆನಿ ತನಗೆ ಮಾಲು ಕೊಡುವ ಕೊನೆಯ ಸಣ್ಣ ಶೆಡ್ಡಿನ ತನಕ ಜನ ಕಳಿಸಿ ನೋಡಿಸುತ್ತಿತ್ತು. ರಿಪೋರ್ಟ್ ಕೆಟ್ಟರೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಶೆಡ್ಡಿಗೆ ಬೀಗ. ರೇಷ್ಮೆ ಉಟ್ಟು ಕೂತ ಅಷ್ಟೂ ಹೆಂಗಸರು ಮನೆಗೆ.

ಇದಕ್ಕೆ 'ಎಥಿಕಲ್ ಸೋರ್ಸಿಂಗ್' ಅನ್ನುತ್ತಾರೆ. ಕಂಪೆನಿಗಳ ವೆಬ್‌ಸೈಟಿನಲ್ಲಿ ನೀವೂ ಓದಿರಬಹುದು, 'ನಾವು ಮಾನವ ಹಕ್ಕುಗಳನ್ನು ಗೌರವಿಸುತ್ತೇವೆ' ಅಂತ. ಓದಿದಾಗಲೆಲ್ಲ ನನಗೆ ನಗು ಬರುತ್ತಿತ್ತು. (ಗೌರವಿಸುವುದಿಲ್ಲ ಎಂದು ಯಾರಾದರೂ ಬರೆಯುತ್ತಾರಾ?) ಆ ನಗು ನಿಂತ ಕತೆ ಇದು.

ನಾನು ಅಲ್ಲಿ ಯಾಕಿದ್ದೆ ಎಂದು ಕೇಳುತ್ತೀರಿ. ಕಂಪೆನಿ ಹಾಗೆ ನೋಡಲು ಕಳಿಸಿದ ಆಡಿಟರ್ ಮೃಣಾಲ್ ಪುಣೆಯ ಹುಡುಗಿ. ಆಕೆಗೆ ತುಳು ಬಾರದು, ಬ್ಯಾರಿ ಭಾಷೆ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಕೆಲಸದವರ ಜೊತೆ ಮಾತಾಡುವಾಗ ಮಾಲೀಕ ಹತ್ತಿರ ಇರಬಾರದು, ದುಭಾಷಿ ಹೆಂಗಸೇ ಆಗಬೇಕು ಎಂಬುದು ಅವರ ನಿಯಮ. ಕಾಲೇಜಿಗೆ ರಜೆ, ಮನೆಯಲ್ಲಿ ಖಾಲಿ ಕೂತಿದ್ದ ನೆರೆಮನೆಯ ಟೀಚರ್ ನಾನು ಹಮೀದಾಕನ ಕಣ್ಣಿಗೆ ಬಿದ್ದೆ. ಶೆಡ್ಡಿನಿಂದ ಹೊರಗೆ ಹೋಗುವ ಮೊದಲು ಅವರು ನನಗೆ ಮೆಲ್ಲಗೆ ಹೇಳಿದರು, "ಟೀಚರೇ, ಸ್ವಲ್ಪ ನೋಡಿ ಹೇಳಿ, ಆಯ್ತಾ? ಇವರ ಅನ್ನ ಉಂಟು ಇದರಲ್ಲಿ."

ನೋಡಿ ಹೇಳುವುದು ಅಂದರೆ ಏನು ಅಂತ ನಮಗೆಲ್ಲ ಗೊತ್ತಿದೆ.

ಪ್ರಶ್ನೆ ಶುರುವಾಯಿತು. ನಿಮ್ಮನ್ನು ಯಾರಾದರೂ ಬಲವಂತವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದಾರಾ? ನಾನು ತುಳುವಿನಲ್ಲಿ ಕೇಳಿದೆ. ಝೊಹರಾ ಎಂಬ ಹುಡುಗಿ ಕಿಸಕ್ಕನೆ ನಕ್ಕಳು. "ಬಲವಂತ ಎಂತದು ಟೀಚರೇ? ಮಳೆಗಾಲದಲ್ಲಿ ಬೀಜ ಬರುದು ಕಡಿಮೆ ಆದ್ರೆ ಕೆಲಸ ಕೊಡಿ ಅಂತ ನಾವೇ ಹಮೀದಾಕನಿಗೆ ಬಲವಂತ ಮಾಡ್ತೇವೆ!"

ಆಧಾರ್ ಕಾರ್ಡ್ ಕಿತ್ತಿಟ್ಟುಕೊಂಡಿದ್ದಾರಾ? ಇಲ್ಲ. ಹೊರಗೆ ಹೋಗುವಾಗ ಮೈ ಮುಟ್ಟಿ ಚೆಕ್ ಮಾಡುತ್ತಾರಾ? ಇಲ್ಲಪ್ಪ. ಬೈಯುತ್ತಾರಾ? "ಮೋಟಾರ್ ಕೈಕೊಟ್ಟರೆ ಮೋಟಾರಿಗೆ ಬೈತಾರೆ." ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಹಮೀದಾಕ ಪಾಸ್ ಎಂದೇ ನಾನು ಅಂದುಕೊಂಡೆ.

ಆಗ ಲೀಲಕ್ಕ ಎದ್ದರು. ಅಲ್ಲಿಯ ಕೆಲಸದವರಲ್ಲಿ ಹಿರಿಯರು ಅವರೇ. "ಮಾತಾಡಿಸ್ಲಿಕ್ಕೆ ಬಂದವರಿಗೆ ಒಂದು ಲೋಟ ನೀರು ಕೂಡ ಕೊಡ್ಲಿಲ್ಲ, ನಾಚಿಕೆ ಆಗ್ಬೇಕು ನಮಗೆ" ಎಂದು ಗೊಣಗುತ್ತಾ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. ನಮ್ಮ ಕಡೆ ಮನೆ ಹೊಕ್ಕವರಿಗೆಲ್ಲ ಮೊದಲು ಬೆಲ್ಲ ನೀರು. ಆಮೇಲೆ ಉಳಿದ ಮಾತು.

ಮೃಣಾಲ್‌ಗೆ ಬಹಳ ಖುಷಿಯಾಯಿತು. ಬೆಲ್ಲ ಬಾಯಿಗೆ ಹಾಕಿ ಗಟಗಟ ನೀರು ಕುಡಿದಳು. ಹೊರಗೆ ಏಪ್ರಿಲ್‌ನ ಬಿಸಿಲು, ಒಳಗೆ ಶೀಟಿನ ಮಾಡು. ನನ್ನ ಬೆನ್ನು ಪೂರ್ತಿ ಒದ್ದೆ. "ನೀವೂ ಕುಡಿಯಿರಿ" ಎಂದು ಮೃಣಾಲ್ ಚೊಂಬನ್ನು ಲೀಲಕ್ಕನ ಕಡೆ ನೀಡಿದಳು.

"ಬೇಡ ಬೇಡ."

ಪಕ್ಕದವರಿಗೆ ಕೊಟ್ಟಳು. ಬೇಡ. ಝೊಹರಾಳಿಗೆ? ಬೇಡ. ಚೊಂಬು ಇಡೀ ಸಾಲು ಸುತ್ತಿ ಹಾಗೆಯೇ ವಾಪಸು ಬಂತು. ಒಬ್ಬರೂ ಒಂದು ಗುಟುಕು ಕುಡಿಯಲಿಲ್ಲ.

"ನಮಗೆ ಬಾಯಾರುದಿಲ್ಲ" ಎಂದರು ಲೀಲಕ್ಕ.

ಈ ಸೆಕೆಯಲ್ಲಿ? ಮೃಣಾಲ್ ಅವರ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಪೆನ್ನು ಪಕ್ಕಕ್ಕಿಟ್ಟಳು. ಬರೆದುಕೊಂಡು ಬಂದ ಪ್ರಶ್ನೆ ಬಿಟ್ಟು, ತನ್ನದೇ ಒಂದು ಪ್ರಶ್ನೆ ಕೇಳಿದಳು. ನೀವು ಬೆಳಿಗ್ಗೆ ಬಂದರೆ ಸಂಜೆಯ ತನಕ ನೀರೇ ಕುಡಿಯುವುದಿಲ್ಲವಾ?

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗುವಿನಲ್ಲಿ ತಮಾಷೆ ಇರಲಿಲ್ಲ. ಬಾಯಿ ಬಿಟ್ಟವರು ಲೀಲಕ್ಕ.

"ಕುಡಿದರೆ ಹೋಗ್ಬೇಕಲ್ಲ ಟೀಚರೇ. ಲೆಟ್ರಿನ್ ಉಂಟು, ಇಲ್ಲ ಅಂತ ಇಲ್ಲ. ಹಮೀದಾಕ ಟೈಲ್ಸ್ ಹಾಕಿಸಿ ಕೊಟ್ಟಿದ್ದಾರೆ. ಆದ್ರೆ ಅದು ಗೋಡೌನಿನ ಹಿಂದೆ. ಹೋಗುವ ದಾರಿಯಲ್ಲಿ ಲಾರಿಯವರು, ಲೋಡಿಂಗಿನವರು ಕೂತಿರ್ತಾರೆ. ಸೊಂಟಕ್ಕೊಂದು ಬೈರಾಸು ಸುತ್ತಿಕೊಂಡು ಅಲ್ಲೇ ಟ್ಯಾಂಕಿಯ ಹತ್ತಿರ ಸ್ನಾನ ಮಾಡ್ತಾರೆ. ಅವರ ಮುಂದೆ ಹೋಗಿ, ಅವರ ಎದುರೇ ಬಾಗಿಲು ಹಾಕ್ಬೇಕು. 'ಎಂತ ಅಕ್ಕಾ, ಪುನಃ ಬಂದ್ರಾ' ಅಂತ ಒಬ್ಬ ಕೇಳಿದ ಒಂದು ಸಲ. ಅವ ತಮಾಷೆಗೇ ಕೇಳಿದ್ದು. ಆದ್ರೆ ಆ ದಿನದಿಂದ ನಾನು ಹೋಗ್ಲಿಲ್ಲ. ಯಾರೂ ಹೋಗುದಿಲ್ಲ. ಬೆಳಿಗ್ಗೆ ಗಂಜಿ ಕೂಡ ನೀರು ಬಸಿದು ಉಣ್ಣುದು. ನನಗೆ ಮೂರು ಸಲ ಉರಿಮೂತ್ರ ಆಯಿತು. ಮನೆಯಲ್ಲಿ ಉಷ್ಣ ಅಂತ ಹೇಳಿ ಕೊತ್ತಂಬರಿ ಕಷಾಯ ಮಾಡಿ ಕೊಟ್ರು. ಬಂಟ್ವಾಳದ ಡಾಕ್ಟ್ರು ಬೈದ್ರು, ನೀರು ಕುಡಿಯದಿದ್ದರೆ ಕಿಡ್ನಿ ಹೋಗ್ತದೆ ಅಂತ. ನಾನು ಎಂತ ಮಾಡ್ಲಿ?"

(ಇದೆಲ್ಲ ತುಳುವಿನಲ್ಲಿ ಹೇಳಿದ್ದು. ನಿಮಗಾಗಿ ಕನ್ನಡ ಮಾಡಿದ್ದೇನೆ.)

ಮೃಣಾಲ್ ನನ್ನ ಕಡೆ ತಿರುಗಿದಳು. ನನ್ನ ಕಣ್ಣ ಮುಂದೆ ಹೊರಗೆ ನಿಂತ ಹಮೀದಾಕನ ಮುಖ ಬಂತು. ಇಂಗ್ಲಿಷಿನಲ್ಲಿ ಹೇಳಿದೆ, "ಟಾಯ್ಲೆಟ್ ಸ್ವಲ್ಪ ದೂರ ಆಗುತ್ತದಂತೆ."

ಆ ಹುಡುಗಿ ನನ್ನನ್ನು ಒಂದು ನಮೂನೆ ನೋಡಿದಳು. "ಅವರು ಅಷ್ಟು ಹೊತ್ತು ಮಾತಾಡಿದರು. ಕೈ ತೋರಿಸಿದರು, ಹೊಟ್ಟೆ ಮುಟ್ಟಿಕೊಂಡರು. ನೀವು ಒಂದೇ ಲೈನ್ ಹೇಳಿದಿರಿ. ತುಳು ಅಷ್ಟು ಉದ್ದದ ಭಾಷೆಯಾ ಮೇಡಂ?"

ನನ್ನ ಮುಖಕ್ಕೆ ರಪ್ಪನೆ ನೀರು ಎರಚಿದ ಹಾಗಾಯಿತು. ಲೀಲಕ್ಕನಿಗೆ ಇಂಗ್ಲಿಷ್ ಬಾರದು, ಆದರೆ ನಾನು ಕತ್ತರಿ ಹಾಕಿದ್ದು ಅವರಿಗೆ ತಿಳಿದುಹೋಯಿತು. "ಪೂರ್ತಿ ಹೇಳಿ ಟೀಚರೇ" ಎಂದರು. ಪೂರ್ತಿ ಹೇಳಿದೆ. ಬೈರಾಸು, ಕಷಾಯ, ಡಾಕ್ಟ್ರ ಬೈಗುಳ, ಒಂದನ್ನೂ ಬಿಡಲಿಲ್ಲ.

ಲೀಲಕ್ಕನ ಒಪ್ಪಿಗೆ ಕೇಳಿ ಮೃಣಾಲ್ ಹಮೀದಾಕನನ್ನು ಒಳಗೆ ಕರೆಸಿದಳು. ವಿಷಯ ಕೇಳಿ ಅವರಿಗೆ ಮೊದಲು ಬಂದದ್ದು ಸಿಟ್ಟು. "ಲೀಲಕ್ಕಾ, ಇಷ್ಟು ವರ್ಷದಿಂದ ಇದ್ದೀರಲ್ಲ ನೀವು ಇಲ್ಲಿ! ಒಂದು ಮಾತು ನನ್ನತ್ರ ಹೇಳ್ಲಿಕ್ಕೆ ಆಗ್ಲಿಲ್ವಾ? ನಾನೇನು ಹುಲಿಯಾ, ಚಿರತೆಯಾ?"

ಲೀಲಕ್ಕ ಸೀರೆಯ ಸೆರಗು ಎಳೆದುಕೊಂಡರು. "ನೀವು ಒಳ್ಳೆಯವರು ಹಮೀದಾಕ. ಅದಕ್ಕೇ ಹೇಳ್ಲಿಲ್ಲ. ದೊಡ್ಡ ಮಗಳ ಮದುವೆಗೆ ದುಡ್ಡು ಕೊಟ್ಟವರು ನೀವು. ಅಷ್ಟು ಮಾಡಿದವರ ಹತ್ತಿರ ಲೆಟ್ರಿನ್ ವಿಷಯ ಹೇಗೆ ಮಾತಾಡುದು?"

ಕೆಟ್ಟ ಮಾಲೀಕನ ವಿರುದ್ಧ ಬಾವುಟ ಹಿಡಿಯಬಹುದು. ಒಳ್ಳೆಯವನ ಎದುರು ಬಾಯಿ ಬಿಡುವುದು ಹೇಗೆ? ನಮ್ಮೂರಿನಲ್ಲಿ ಹೆಚ್ಚಿನ ಕೆಲಸಗಳು ನಡೆಯುವುದೇ ಈ ದಾಕ್ಷಿಣ್ಯದ ಮೇಲೆ. ಅಂಗಡಿ, ಹೋಟೆಲ್, ತೋಟ, ಎಲ್ಲ ಕಡೆ. ಧಣಿ ಒಳ್ಳೆಯವರು, ಹಾಗಾಗಿ ಏನೂ ಕೇಳುವುದು ಬೇಡ. ಮಾಲೀಕನ ಒಳ್ಳೆಯತನದ ಹಂಗು ಇಲ್ಲದ ಒಬ್ಬರು ಹೊರಗಿಂದ ಬಂದು ಕೇಳಬೇಕು ಎನ್ನುವ ನಿಯಮ ಯಾಕೆ ಬೇಕು ಅಂತ ನನಗೆ ಆವತ್ತು ಅರ್ಥವಾಯಿತು.

ಹಮೀದಾಕ ಒಂದು ಸ್ಟೂಲಿನ ಮೇಲೆ ಕೂತರು. ಆಮೇಲೆ ಮೃಣಾಲ್‌ಳ ಕಡೆ ನೋಡಿ ಹಿಂದಿಯಲ್ಲಿ ಹೇಳಿದರು. ಸೌದಿಯಲ್ಲಿ ತಾವಿದ್ದ ಕ್ಯಾಂಪಿಗೂ ಹೀಗೆ ಜನ ಬರುತ್ತಿದ್ದರಂತೆ. ಆ ದಿನ ಹೊಸ ಚಾದರ, ಹೊಸ ದಿಂಬು. ಬಂದವರು ಚಾದರ ನೋಡಿ ಹೋಗುತ್ತಿದ್ದರು. "ನಮ್ಮ ಹತ್ತಿರ ಕೂತು ಕೇಳಿದವರು ಒಬ್ಬರೂ ಇಲ್ಲ ಬೇಟಿ. ನೀನು ಕೇಳಿದೆ. ಬರ್ಕೋ, ಎಂತ ಬರೀಬೇಕೋ ಬರ್ಕೋ."

ಅಷ್ಟು ಹೇಳಿದವರು ಅಲ್ಲಿಗೇ ಬಿಡಲಿಲ್ಲ. ಬಿಟ್ಟರೆ ಅವರು ಹಮೀದಾಕ ಹೇಗಾಗುತ್ತಾರೆ? "ಆದ್ರೆ ಇದನ್ನೂ ಬರ್ಕೋ. ನಿಮ್ಮ ಕಂಪೆನಿ ವರ್ಷ ವರ್ಷ ರೇಟ್ ಇಳಿಸು ಅಂತದೆ. ರೇಟ್ ಇಳಿಸು, ಲೆಟ್ರಿನ್ ಕಟ್ಟು, ಎರಡೂ ಒಂದೇ ಬಾಯಲ್ಲಿ ಹೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ಮೃಣಾಲ್ ಬೇಸರಪಡಲಿಲ್ಲ. ಅದನ್ನೂ ಬರೆದುಕೊಂಡಳು. ಹೊರಡುವಾಗ ನಾನು ತಡೆಯಲಾರದೆ ಕೇಳಿದೆ, ಆರ್ಡರ್ ಹೋಯಿತಾ?

"ಆರ್ಡರ್ ಕಿತ್ತುಕೊಂಡರೆ ಇವರಿಗೆ ನೀರು ಸಿಗುತ್ತದಾ?" ಎಂದಳು. "ಕಂಪೆನಿಯವರ ಕೈಗೆ ಕೊಳೆ ಅಂಟುವುದಿಲ್ಲ, ಅಷ್ಟೇ. ಇಲ್ಲಿಂದ ಬೀಜ ತೆಗೆದುಕೊಂಡು ಲಾಭ ಮಾಡಿದವರು ಇಲ್ಲಿಯ ತೊಂದರೆ ಸರಿ ಮಾಡಲಿಕ್ಕೂ ಸೇರಬೇಕು. ನಾನು ಹಾಗೆಯೇ ಬರೆಯುತ್ತೇನೆ."

ಬರೆದಳು. ಬರೆದದ್ದನ್ನು ಯಾರಾದರೂ ಓದುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ. ಆದರೆ ಓದಿದರು ಮಾರಾಯ್ರೆ! ಮಂಗಳೂರಿನಿಂದ ಫೋನ್ ಬಂತು. ಆರ್ಡರ್ ನಿಲ್ಲಿಸುವುದಿಲ್ಲ, ಸರಿ ಮಾಡಲು ಸಮಯ ಕೊಡುತ್ತೇವೆ, ಖರ್ಚಿನ ಅರ್ಧ ನಮ್ಮದು. ರೇಟಿನ ಬಗ್ಗೆ ಕೇಳಿದಾಗ ಮಾತ್ರ ಲೈನ್ ಸ್ವಲ್ಪ ಕಟ್ಟಾಯಿತಂತೆ. (ಹಮೀದಾಕ ಬಿಡುವ ಆಸಾಮಿ ಅಲ್ಲ, ಪುನಃ ಫೋನ್ ಮಾಡಿದ್ದಾರೆ.)

ಕಳೆದ ವಾರ ಹೋಗಿ ನೋಡಿದೆ. ಸಿಪ್ಪೆ ತೆಗೆಯುವ ಹಾಲಿನ ಹಿಂದಿನ ಗೋಡೆ ಒಡೆದು ಒಂದು ಬಾಗಿಲು ಇಟ್ಟಿದ್ದಾರೆ. ಬಾಗಿಲು ದಾಟಿದರೆ ನೇರ ಲೆಟ್ರಿನ್, ಹೆಂಗಸರಿಗೆ ಮಾತ್ರ. ಅಂಗಳಕ್ಕೆ ಇಳಿಯಬೇಕಾಗಿಲ್ಲ. ಲಾರಿಯವರ ಸ್ನಾನ ಈಗ ಗೇಟಿನ ಹತ್ತಿರ, ತಗಡಿನ ಮರೆಯಲ್ಲಿ. ಹೆಂಗಸರು ಹಳೆಯ ಸೀರೆ, ಏಪ್ರನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಝೊಹರಾಳ ಪಕ್ಕದಲ್ಲಿ ಬಾಟಲಿ, ಅರ್ಧ ಖಾಲಿ. ಲೀಲಕ್ಕನಿಗೆ ಆಮೇಲೆ ಉರಿ ಬಂದಿಲ್ಲವಂತೆ. ಮುಖದಲ್ಲೂ ಗೆಲುವಿತ್ತು.

ಕೃತಜ್ಞತೆ ಎನ್ನುವ ಶಬ್ದವನ್ನು ನಾವು ಭಾಷಣದ ಕೊನೆಗೆ ಬಳಸಿ ಬಳಸಿ ಸವೆಸಿದ್ದೇವೆ. ಆದರೂ ಹೇಳುತ್ತೇನೆ. ಚೊಂಬು ವಾಪಸು ಬಂದದ್ದನ್ನು ಗಮನಿಸಿದ ಆ ಪುಣೆಯ ಹುಡುಗಿಗೆ ನಾನು ಋಣಿ. ಸಿಟ್ಟು ನುಂಗಿ ಗೋಡೆ ಒಡೆಸಿದ ಹಮೀದಾಕನಿಗೂ. ಎಲ್ಲಿಯದೋ ಒಂದು ಊರಿನಲ್ಲಿ ಬೀಜದ ಪ್ಯಾಕೆಟ್ ಕೈಯಲ್ಲಿ ಹಿಡಿದು, ಇದನ್ನು ಸುಲಿದವರು ಹೇಗಿದ್ದಾರೆ ಎಂದು ಅಂಗಡಿಯವನನ್ನು ಕೇಳಿದ ಆ ಗುರುತಿಲ್ಲದ ಗಿರಾಕಿಗೂ. ಎಲ್ಲಕ್ಕಿಂತ ಹೆಚ್ಚು, ಕೆಲಸ ಹೋದೀತು ಎಂಬ ಹೆದರಿಕೆಯಲ್ಲೂ 'ಪೂರ್ತಿ ಹೇಳಿ' ಎಂದ ಲೀಲಕ್ಕನಿಗೆ. ಅದನ್ನೇ ಅವರ ಹತ್ತಿರ ಹೇಳಿದೆ. "ನಿಮ್ಮಿಂದ ದೊಡ್ಡ ಉಪಕಾರ ಆಯಿತು ಲೀಲಕ್ಕಾ."

ಅವರಿಗೆ ನನ್ನ ಹೊಗಳಿಕೆ ಬೇಕಿರಲಿಲ್ಲ. ಬೇರೆ ಏನೋ ಕೇಳಲಿಕ್ಕಿತ್ತು.

"ಟೀಚರೇ, ನನ್ನ ಸಣ್ಣ ಮಗಳು ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಇದ್ದಾಳಲ್ಲ. ದೊಡ್ಡ ಅಂಗಡಿ, ಎಸಿ ಎಲ್ಲ ಉಂಟು. ಇಡೀ ದಿನ ನಿಂತೇ ಇರ್ಬೇಕು, ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಹುಡುಗಿಯರಿಗೆ ಲೆಟ್ರಿನ್ ಇಲ್ಲ, ಬಸ್‌ಸ್ಟ್ಯಾಂಡಿಗೆ ಹೋಗ್ಬೇಕು. ಅವಳೂ ಈಗ ನೀರು ಕುಡಿಯುದಿಲ್ಲ. ಆ ಮೇಡಂ ಅಲ್ಲಿಗೆ ಯಾವಾಗ ಬರ್ತಾರೆ?"

ಬರುವುದಿಲ್ಲ ಲೀಲಕ್ಕಾ ಎಂದೆ. ಆ ಅಂಗಡಿಯ ಬಟ್ಟೆ ಯುರೋಪಿಗೆ ಹೋಗುವುದಿಲ್ಲ.

"ಮತ್ತೆ ಯಾರು ತೆಗೆದುಕೊಳ್ಳುದು ಅದನ್ನು?" ಎಂದು ಕೇಳಿದರು ಲೀಲಕ್ಕ.

ಯಾರು? ನಾವೇ ಅಲ್ಲವೇ?